ಮೊದಲು ಸರಪಳಿ ಬಿಚ್ಚಿ, ಆಮೇಲೆ ಚಾಪೆ ಹಾಸಿ

ಶಿಬಿರ ಮುಗಿಸಿಕೊಂಡು ಅವರವರ ತೋಟದ ಮನೆ ಸೇರಿರುವ ನಮ್ಮ ಯೋಗ ಬಳಗಕ್ಕೆ,

ತಿಪಟೂರಿನ ಅಕ್ಕಂದಿರಿಗೆ, ತುರುವೇಕೆರೆಯಿಂದ ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದ ಅಣ್ಣಂದಿರಿಗೆ, ಚಿಕ್ಕನಾಯಕನಹಳ್ಳಿ ಕಡೆಯ ಆ ಮೂವರು ಓರಗಿತ್ತಿಯರಿಗೆ ನಮಸ್ಕಾರ.

ಕೊನೆಯ ದಿನ ಉಪ್ಪಿಟ್ಟು ಹಂಚುವಾಗ ಗುರುಗಳು ಕೇಳಿದರಲ್ಲ, "ನಾಳೆಯಿಂದ ಮನೇಲಿ ಯಾರ್‍ಯಾರು ಮಾಡ್ತೀರಾ?" ಅಂತ. ಎತ್ತಿದ ಕೈಗಳು ಅರ್ಧದಷ್ಟೂ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ಕಾರಣ. ಹಾಲು ಕರೆಯೋ ಹೊತ್ತು, ಡೇರಿಗೆ ಹೋಗೋ ಹೊತ್ತು, ಮೋಟರಿಗೆ ಕರೆಂಟು ಬರೋ ಹೊತ್ತು. ಅದರ ನಡುವೆ ಐದಾರು ಜನ ಒಂದೇ ಮಾತು ಹೇಳಿದಿರಿ: "ಮಾಡಬೌದು ಸಾರ್, ನಾಯಿ ಬಿಡಲ್ಲ." ಎಲ್ಲರೂ ನಕ್ಕೆವು. ಗುರುಗಳೂ ನಕ್ಕು, "ಕಟ್ಟಾಕ್ರಮ್ಮ, ಮುಗಿಯೋವರೆಗೂ ಕಟ್ಟಾಕಿ" ಅಂದರು. ನೀವೆಲ್ಲ ತಲೆಯಾಡಿಸಿದಿರಿ. ನಾನೂ ಆಡಿಸಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಆ ಹೊತ್ತಿಗೆ ಬಾಯಿ ಬಿಡಲಿಲ್ಲ. ಅವತ್ತು ಆಡಿಸಿದ ತಲೆಯನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಅದಕ್ಕೇ ಈ ಕಾಗದ.

ನಮ್ಮ ಸೀಮೆಯಲ್ಲಿ ನಾಯಿ ಸಾಕುವುದು ಮುದ್ದಿಗಲ್ಲ, ನಿಮಗೆ ಗೊತ್ತಿರುವುದೇ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಅದು ಮಟ್ಟೆಯೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವುದಕ್ಕೆ ಎಂಟು ತಿಂಗಳಿಂದ ಒಂದು ವರ್ಷ. ಅಲ್ಲಾಡಿಸಿದಾಗ ಒಳಗೆ ಗಡಗಡ ಅನ್ನುವವರೆಗೂ ನಮ್ಮ ಇಡೀ ವರ್ಷದ ಬಾಳು ತಲೆಯ ಮೇಲೆ ತೂಗುತ್ತಿರುತ್ತದೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಅಂತ ಕೇಂದ್ರ ಹೇಳಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಕುಸಿದಿತ್ತು. ಅಟ್ಟ ನೋಡಿದರೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ರೇಟು ಏರಿತು. ಆಗ ಕಳ್ಳರ ಭಯಕ್ಕೆ ನಿದ್ದೆ ಬರಲಿಲ್ಲ. ಎರಡು ಕಾಲದಲ್ಲೂ ಅಂಗಳದಲ್ಲಿ ಎದ್ದು ಕೂತಿದ್ದದ್ದು ನಾಯಿ, ಎರಡು ಕಾಲದಲ್ಲೂ ಅದಕ್ಕೆ ಸಿಕ್ಕಿದ್ದು ಅದೇ ರಾಗಿಮುದ್ದೆ. ಹಗಲು ಕಟ್ಟು, ರಾತ್ರಿ ಬಿಡು, ಇದು ನಮ್ಮ ಕಡೆಯ ಕಟ್ಟಳೆ. ಕಟ್ಟುವುದು ಮನೆ ಮುಂದಿನ ತೆಂಗಿನ ಮರಕ್ಕೆ. ಸರಪಳಿ ಎಷ್ಟು ಉದ್ದವೋ ಅಷ್ಟು ದೂರಕ್ಕೆ ಮರದ ಸುತ್ತ ಹುಲ್ಲು ಹುಟ್ಟದ ಒಂದು ವೃತ್ತ. ನಿಮ್ಮ ಮನೆ ಮುಂದೆಯೂ ಇದೆ ಅದು. ಒಮ್ಮೆ ಹೋಗಿ ನೋಡಿ ಬನ್ನಿ.

ಈಗ ಇನ್ನೊಂದು ಜಾತಿಯ ನಾಯಿಯೂ ಸೇರಿಕೊಂಡಿದೆ. ಲಾಕ್‌ಡೌನ್ ಹೊತ್ತಿನಲ್ಲಿ ಬೆಂಗಳೂರಿನ ಮಕ್ಕಳು ಬೇಜಾರಿಗೆ ಅಂತ ದುಡ್ಡು ಕೊಟ್ಟು ತಂದುಕೊಂಡವು. ಆಫೀಸು ತೆರೆಯಿತು, ಅಪಾರ್ಟ್‌ಮೆಂಟಿನವರು ಗೊಣಗಿದರು, ನಾಯಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅಪ್ಪ ಅಮ್ಮನ ತೋಟಕ್ಕೆ ಬಂದಿಳಿಯಿತು. ನಮ್ಮನೆಗೆ ಬಂದಿದ್ದು ಲ್ಯಾಬ್ರಡಾರ್. ಹೆಸರು ಬ್ರೂನೊ. ಊರವರ ಬಾಯಲ್ಲಿ ವಾರದೊಳಗೆ "ಬೂನ" ಆಯಿತು, ಈಗ ಮಗ ಫೋನಿನಲ್ಲಿ ಬ್ರೂನೊ ಅಂದರೆ ಅದು ಕಿವಿಯನ್ನೂ ಎತ್ತುವುದಿಲ್ಲ. ಅದಕ್ಕೂ ಮೊದಲಿಂದ ಇದ್ದವನು ಕೆಂಚ, ನಾಟಿ. ಹಂದನಕೆರೆ ಸಂತೆಯಿಂದ ಬರುವಾಗ ದಾರಿಯಲ್ಲಿ ಸಿಕ್ಕ ಮರಿ.

ಹೀಗೆ ಇಬ್ಬರನ್ನು ಇಟ್ಟುಕೊಂಡು ನಾನು ಬೆಳಿಗ್ಗೆ ಐದೂವರೆಗೆ ಪಡಸಾಲೆಯ ಕೆಂಪು ನೆಲದ ಮೇಲೆ ಯೋಗಕ್ಕೆ ನಿಲ್ಲುವುದು. ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ವೃಕ್ಷಾಸನದಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಗ ಬೂನ ಬಂದು ನಿಂತ ಕಾಲಿಗೇ ಒರಗಿದ; ಮೂವತ್ತು ಕೆಜಿ ಪ್ರೀತಿ. ಬಿದ್ದೆ. ಕಪಾಲಭಾತಿ ಶುರು ಮಾಡಿದರೆ ಕೆಂಚ ಗುರ್ ಅಂದ. ಯಾರೋ ಇವಳ ಮೇಲೆ ಬಿದ್ದಿದ್ದಾರೆ ಅಂದುಕೊಂಡನೋ ಏನೋ. ಶವಾಸನದಲ್ಲಿ ಕಣ್ಣು ಮುಚ್ಚಿ ಎರಡು ನಿಮಿಷವಾಗಿರಲಿಲ್ಲ, ಮೂಗಿನ ಹತ್ತಿರ ತಣ್ಣನೆಯ ಇನ್ನೊಂದು ಮೂಗು. ಉಸಿರಿದೆಯೋ ಇಲ್ಲವೋ ಅಂತ ನೋಡಿಕೊಂಡು ಹೋಗುವುದು ಅದರ ಕೆಲಸ. ಎಲ್ಲಕ್ಕಿಂತ ದೊಡ್ಡ ಪ್ರಸಂಗ ಭ್ರಾಮರಿಯದು. ನಾನು ಬಾಯಿ ಮುಚ್ಚಿ "ಮ್" ಅಂತ ಗುಂಯ್‌ಗುಟ್ಟಿದೆ, ಕೆಂಚ ಕತ್ತೆತ್ತಿ ಊಳಿಟ್ಟ. ನಾನು ಮತ್ತೆ, ಅವನು ಮತ್ತೆ. ಮುಂಜಾನೆ ನಾಯಿ ಊಳಿಡುವುದು ಅಂದರೆ ನಮ್ಮ ಕಡೆ ಗೊತ್ತಲ್ಲ. ಪಕ್ಕದ ತೋಟದ ಅಜ್ಜಮ್ಮ ಕಂಬಳಿ ಹೊದ್ದುಕೊಂಡು ಬದು ದಾಟಿ ಬಂದು, "ಯಾರಿಗೇನಾಯ್ತವ್ವ?" ಅಂದರು. ಯಾರಿಗೂ ಏನೂ ಆಗಿಲ್ಲ ಅಜ್ಜಮ್ಮ, ಪ್ರಾಣಾಯಾಮ ಅಂದೆ. "ಪ್ರಾಣ ಹೋದಂಗಿತ್ತು" ಅಂದರು.

ನಾಯಿ ಹೀಗೇಕೆ ಮಾಡುತ್ತದೆ ಅನ್ನುವುದನ್ನು ಗುರುಗಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದರ ಕಡೆಯಿಂದ ಒಂದು ಸಲ ಯೋಚನೆ ಮಾಡಿ. ವರ್ಷವಿಡೀ ನಾವು ಅದಕ್ಕೆ ಕಾಣುವುದು ಮೇಲಿನಿಂದ: ಎರಡು ಕಾಲು, ಒಂದು ಕೈ, ಕೈಯಲ್ಲಿ ಅನ್ನದ ತಟ್ಟೆ ಇಲ್ಲವೇ ಕೋಲು. ಇದ್ದಕ್ಕಿದ್ದ ಹಾಗೆ ಒಂದು ದಿನ ಆ ಮುಖ ನೆಲದ ಮಟ್ಟಕ್ಕೆ, ಅದರ ಮುಖದ ಮಟ್ಟಕ್ಕೆ ಇಳಿದು ಬರುತ್ತದೆ. ಅಷ್ಟೇ ಅಲ್ಲ, ನಾವು ಕೈ ಮುಂದೆ ಚಾಚಿ, ಎದೆ ತಗ್ಗಿಸಿ, ಸೊಂಟ ಮೇಲೆತ್ತುತ್ತೇವೆ. ನಾಯಿಗಳ ಭಾಷೆಯಲ್ಲಿ ಆ ಭಂಗಿಗೆ ಒಂದೇ ಅರ್ಥ: ಬಾ, ಆಡೋಣ. ಎರಡು ಮರಿಗಳು ಎದುರಾದಾಗ ಮೊದಲು ಮಾಡುವುದೇ ಅದು. ನಾವು ಕರೆದಿದ್ದೇವೆ, ಅದು ಬಂದಿದೆ. ಬಂದವನನ್ನು ಕೈಯಿಂದ ತಳ್ಳಿದರೆ ಅದೂ ಆಟವೇ, ಕಿರುಚಿದರೆ ಇನ್ನೂ ಒಳ್ಳೆಯ ಆಟ. ಶವಾಸನದ ಕತೆಯೂ ಇದೇ. ಮನೆಯ ಒಡತಿ ಹಗಲು ಹೊತ್ತಿನಲ್ಲಿ ಅಂಗಾತ ಬಿದ್ದು ಅಲುಗಾಡದೆ ಇದ್ದರೆ ಮೂಸಿ ನೋಡದ ನಾಯಿ ಎಂಥ ನಾಯಿ?

ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಮನೆಯವರೂ ನಾಯಿಯೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆ ಅಂತ. ತಾಯಿ ಮಗುವಿನ ನಡುವೆ ಮಮತೆ ಬೆಳೆಸುವ ರಸ ಅದು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗಾಗಲಿಲ್ಲವಂತೆ. ಓದಿ ಖುಷಿಯಾಯಿತು. ಹೊಸದೇನೂ ಅನ್ನಿಸಲಿಲ್ಲ, ಬೂನ ಊಟದ ಹೊತ್ತಿಗೆ ನೋಡುವ ನೋಟ ಕಂಡವರಿಗೆ ಅಷ್ಟು ದೂರದ ಸಾಕ್ಷಿ ಬೇಡ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಮೇಷ್ಟ್ರಮ್ಮನ ಚಾಳಿ. ಕೈ ಮುಂದೆ, ಸೊಂಟ ಮೇಲೆ ಇರುವ ಆ ಆಸನಕ್ಕೆ ನಮ್ಮ ಶಿಬಿರದಲ್ಲಿ ಪರ್ವತಾಸನ ಅಂತ ಹೇಳಿಕೊಟ್ಟರು. ಅದೇ ಭಂಗಿಯನ್ನು ಬಿ.ಕೆ.ಎಸ್. ಅಯ್ಯಂಗಾರರು 1966ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಅಧೋಮುಖ ಶ್ವಾನಾಸನ ಅಂದರು. ಪಟ್ಟಾಭಿ ಜೋಯಿಸರ ಸೂರ್ಯನಮಸ್ಕಾರದಲ್ಲಿ ಅದರಲ್ಲೇ ಐದು ಉಸಿರು ನಿಲ್ಲಬೇಕು. ಇವರೇನು ಹೊರಗಿನವರಲ್ಲ. ಅಯ್ಯಂಗಾರರು ಕೋಲಾರದ ಬೆಳ್ಳೂರಿನವರು, ಜೋಯಿಸರು ನಮ್ಮ ಪಕ್ಕದ ಹಾಸನದ ಕೌಶಿಕದವರು. ಇಬ್ಬರ ಗುರು ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು ಇನ್ನೊಂದು ಪಕ್ಕದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. 1927ರಲ್ಲಿ ಹಾಸನದಲ್ಲಿ ಅವರ ಪ್ರದರ್ಶನ ನೋಡಿ ಮಾರನೆಯ ದಿನವೇ ಹಿಂದೆ ಬಿದ್ದ ಹನ್ನೆರಡು ವರ್ಷದ ಹುಡುಗ ಪಟ್ಟಾಭಿ. ಮುಂದೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಯೋಗಶಾಲೆ ಮಾಡಿಕೊಟ್ಟರು, ಅಲ್ಲಿಂದ ಹೊರಟದ್ದು ಲೋಕ ಸುತ್ತಿತು. ಈ ಕಡೆ ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಊರೂರು ತಿರುಗಿ ಶಿಬಿರ ನಡೆಸಿದ್ದರಿಂದ ನಮ್ಮ ಅಪ್ಪಂದಿರ ಕಾಲದವರಿಗೂ ಆಸನ ಹೊಸದಲ್ಲ. ಅಮೆರಿಕದವರು ಇವತ್ತು 'ಡೌನ್‌ವರ್ಡ್ ಡಾಗ್' ಅನ್ನುವುದಕ್ಕೆ ಬೇರು ನಮ್ಮ ಅಕ್ಕಪಕ್ಕದಲ್ಲೇ ಇದೆ.

ಆದರೆ ಹಳೆಯ ಪುಸ್ತಕಗಳಲ್ಲಿ ನಾಯಿ ಇಲ್ಲ. ಹಠಯೋಗ ಪ್ರದೀಪಿಕೆಯ 15 ಆಸನಗಳಲ್ಲಿ ಆಮೆ ಇದೆ, ಹುಂಜ ಇದೆ, ನವಿಲು, ಸಿಂಹ, ಹಸುವಿನ ಮುಖ ಎಲ್ಲ ಇವೆ. ಘೇರಂಡ ಸಂಹಿತೆಯ 32ರಲ್ಲಿ ಕಪ್ಪೆ, ಮೊಸಳೆ, ಹಾವು, ಮಿಡತೆ, ಕೊನೆಗೆ ಒಂಟೆಗೂ ಜಾಗ ಸಿಕ್ಕಿತು. ಬಾಗಿಲಲ್ಲೇ ಮಲಗಿದ್ದ ನಾಯಿಗೆ ಸಿಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ, ಅಲ್ಲಿಗೆ ಬರುವ ಹೊತ್ತಿಗೆ ಶ್ವಾನೋತ್ತಾನ ಅನ್ನುವ ಹೆಸರೊಂದು ಕಾಣಿಸುತ್ತದೆ. ಯಾವ ಪುಣ್ಯಾತ್ಮನೋ ನಾಯಿಯನ್ನು ಒಂದು ಬೆಳಿಗ್ಗೆ ನಿಂತು ನೋಡಿರಬೇಕು. ಅದು ಎದ್ದು ಮೈಮುರಿಯುವುದನ್ನು ನೀವೂ ನೋಡಿ. ಮೊದಲು ಮುಂಗಾಲು ಚಾಚಿ ಬೆನ್ನು ಇಳಿಬಿಡುತ್ತದೆ, ಆಮೇಲೆ ಎದೆ ಮುಂದೆ ತಂದು ಹಿಂಗಾಲು ಒಂದೊಂದಾಗಿ ಎಳೆಯುತ್ತದೆ, ಕೊನೆಗೆ ಬಾಯಗಲಿಸಿ ಒಂದು ಆಕಳಿಕೆ. ನಮ್ಮ ಹಾಗೆ ಎಣಿಸುವುದಿಲ್ಲ, ಪಕ್ಕದವರನ್ನು ಓರೆಗಣ್ಣಲ್ಲಿ ನೋಡುವುದಿಲ್ಲ. ನನಗೆ ಆ ಆಸನದಲ್ಲಿ ಹಿಮ್ಮಡಿ ನೆಲಕ್ಕೆ ಮುಟ್ಟಬೇಕು ಅನ್ನುವ ಹಟ ಇತ್ತು, ಕೆಂಚನನ್ನು ನೋಡಿದ ಮೇಲೆ ಬಿಟ್ಟೆ. ಬೆನ್ನು ಉದ್ದವಾದರೆ ಸಾಕು, ಹಿಮ್ಮಡಿ ತಾನಾಗಿ ಬಂದಾಗ ಬರಲಿ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಕೆಂಚನಿಗಿಂತ ಮೊದಲು ನಮ್ಮನೆಯಲ್ಲಿ ಕರಿಯ ಇದ್ದ. ಅವನನ್ನು ಕಟ್ಟುತ್ತಿದ್ದದ್ದು ಬಾವಿ ಪಕ್ಕದ ಮರಕ್ಕೆ. ಒಂದು ಸಂಜೆ ನೆಂಟರ ಮನೆಯ ಮದುವೆಗೆ ಹೋದವರು ಬಿಚ್ಚುವುದು ಮರೆತು ಹೋದೆವು, ಬಂದಾಗ ರಾತ್ರಿ ಹನ್ನೊಂದು. ಗುಡ್ಡದ ಕಡೆಯಿಂದ ಚಿರತೆ ಇಳಿದಿತ್ತು. ಮದಲಿಂಗನ ಕಣಿವೆ ಆಚೀಚೆಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟು ಮನೆಯ ನಾಯಿ ಹೋಗಿದೆಯೋ. ಬಿಟ್ಟಿದ್ದರೆ ಕರಿಯ ಅಟ್ಟದ ಮೆಟ್ಟಿಲ ಕೆಳಗೆ ನುಗ್ಗುತ್ತಿದ್ದ, ಅಲ್ಲಿ ಅವನದೇ ಒಂದು ಗೂಡಿತ್ತು. ಮಾರನೆಯ ಬೆಳಿಗ್ಗೆ ಸರಪಳಿ ಮರಕ್ಕೆ ಸುತ್ತಿಕೊಂಡು ಬಿದ್ದಿತ್ತು, ಕೊರಳಪಟ್ಟಿಯ ಸಮೇತ. ಎಷ್ಟು ಎಳೆದಿದ್ದನೋ, ಮರದ ಮೈಯಲ್ಲಿ ಒಂದು ಬೆರಳಿಳಿಯುವಷ್ಟು ಗೆರೆ. ತೆಂಗಿನ ಮರ ಹುಣಸೆ, ಬೇವಿನ ಹಾಗಲ್ಲ. ಬೇರೆ ಮರಕ್ಕೆ ಗಾಯವಾದರೆ ತೊಗಟೆ ಬೆಳೆದು ಮುಚ್ಚುತ್ತದೆ, ತೆಂಗಿಗೆ ಹಾಗೆ ಮುಚ್ಚುವ ಪದರವೇ ಇಲ್ಲ. ಹತ್ತಲು ಕಡಿದ ಮೆಟ್ಟಿಲು ಮರ ಸಾಯುವವರೆಗೂ ಇರುತ್ತದಲ್ಲ, ಹಾಗೆ ಆ ಗೆರೆಯೂ ಇದೆ.

ಇಷ್ಟಾದ ಮೇಲೆ ನನಗೆ ಬುದ್ಧಿ ಬಂತು ಅಂದುಕೊಂಡಿರಾ? ಇಲ್ಲ. ಕೆಂಚ ಬಂದ, ಅವನನ್ನೂ ಕಟ್ಟಿದೆ. ಮರ ಮಾತ್ರ ಬೇರೆ.

ಬಿಚ್ಚಿದ್ದು ಕರುಣೆಯಿಂದಲ್ಲ, ಸದ್ದು ತಡೆಯಲಾರದೆ. ನಾನು ಒಳಗೆ ನಾಡಿಶೋಧನಕ್ಕೆ ಕೂತರೆ ಹೊರಗೆ ಜಣ್ ಜಣ್. ಬಲಗಡೆ ಉಸಿರು ತೆಗೆದುಕೊಂಡರೆ ಜಣ್, ಎಡಗಡೆ ಬಿಟ್ಟರೆ ಜಣ್. ಬಾಗಿಲು ಹಾಕಿದೆ, ಕಿವಿಗೆ ಹತ್ತಿ ಇಟ್ಟುಕೊಂಡೆ. ಸರಪಳಿಯ ಸದ್ದು ಹೋಯಿತು, ಮನಸ್ಸಿನೊಳಗೆ ಬಾವಿ ಪಕ್ಕದ ಮರ ಬಂದು ನಿಂತಿತು. ಎದ್ದು ಹೋಗಿ ಬಿಚ್ಚಿದೆ.

ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲನೆಯದು ಯಮ, ಯಮದಲ್ಲಿ ಮೊದಲು ಬರುವುದು ಅಹಿಂಸೆ. ನಾವು ಶಿಬಿರದಲ್ಲಿ ನೇರವಾಗಿ ಮೂರನೆಯದಕ್ಕೆ ಹಾರಿದೆವು, ತಪ್ಪೇನಲ್ಲ, ಹತ್ತು ದಿನದಲ್ಲಿ ಮತ್ತೇನು ಮಾಡಲಾದೀತು. ಮನೆಗೆ ಬಂದ ಮೇಲೂ ಮೊದಲನೆಯದನ್ನು ಸರಪಳಿ ಹಾಕಿ ಹೊರಗೆ ಕಟ್ಟಿ ಮೂರನೆಯದನ್ನು ಒಳಗೆ ಮಾಡುತ್ತೇವಲ್ಲ, ಅದಕ್ಕೆ ನನ್ನ ತಕರಾರು. ಅಹಿಂಸೆಯಲ್ಲಿ ನೆಲೆನಿಂತವರ ಹತ್ತಿರ ಪ್ರಾಣಿಗಳೂ ಹಗೆ ಮರೆಯುತ್ತವೆ ಅನ್ನುವ ಅರ್ಥದ ಮಾತೂ ಆ ಸೂತ್ರಗಳಲ್ಲಿದೆ. ಕೆಂಚ ಇವತ್ತಿಗೂ ಬೆಕ್ಕನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತಾನೆ, ಹಾಗಾಗಿ ನಾನೆಷ್ಟು ದೂರ ಬಂದಿದ್ದೇನೆ ಅನ್ನುವುದು ನನಗೆ ಗೊತ್ತು.

ಪತಂಜಲಿ ಬೇಡ ಅನ್ನುವವರಿಗೆ ಸರ್ಕಾರದ ಕಾನೂನೂ ಇದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ತೀರಾ ಗಿಡ್ಡವಾದ, ಭಾರವಾದ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟುವುದು ಅಪರಾಧ. ಸದಾ ಕಟ್ಟಿಯೇ ಇಟ್ಟ ನಾಯಿಯನ್ನು ಓಡಾಡಿಸದೆ ಇರುವುದನ್ನೂ ಅಲ್ಲಿ ಬೇರೆಯಾಗಿ ಬರೆದಿದ್ದಾರೆ. ನಮ್ಮ ಮೂರು ತಾಲೂಕಿನಲ್ಲಿ ಇದನ್ನು ಜಾರಿಗೆ ತರಲು ಹೊರಟರೆ ಜೈಲು ಸಾಲದು. ನಾನೇ ಮೊದಲ ಸಾಲಿನಲ್ಲಿ ಕೂರಬೇಕಾಗುತ್ತಿತ್ತು.

"ಬಿಚ್ಚಿ ಅಂತ ಸುಲಭವಾಗಿ ಹೇಳ್ತೀಯಲ್ಲ ತಾಯಿ, ಪಕ್ಕದವರ ಕೋಳಿಗೆ ಯಾರು ಜವಾಬು?" ಅಂತ ನೀವು ಕೇಳುವುದು ಕಿವಿಗೆ ಬೀಳುತ್ತಿದೆ. ಸರಿಯೇ. ದಿನವಿಡೀ ಬೀದಿಗೆ ಬಿಡಿ ಅನ್ನುತ್ತಿಲ್ಲ. ಕೋಳಿ, ಕುರಿಮಂದೆ, ಹೆದ್ದಾರಿಯ ಲಾರಿ ಎಲ್ಲಕ್ಕೂ ಲೆಕ್ಕ ಇಡಬೇಕು. ಕಾಯಿ ಕೀಳುವ ದಿನವಂತೂ ನಾನೇ ಇಬ್ಬರನ್ನೂ ಹಿಂದಿನ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತೇನೆ. ದೋಟಿಗೆ ಸಿಕ್ಕ ಗೊನೆ ಕೆಳಗೆ ಬರುವಾಗ ನಾಯಿ, ಮನುಷ್ಯ ಅಂತ ನೋಡುವುದಿಲ್ಲ. ಹಾಗೇ ಇನ್ನೊಂದು ಮಾತು. ಜೂನ್ 21ರ ಯೋಗ ದಿನ ಬಂತು ಅಂದರೆ ಫೋಟೊ ಚೆನ್ನಾಗಿ ಬರುತ್ತದೆ ಅಂತ ತೋಟದೊಳಗೆ ಮರದ ಬುಡದಲ್ಲೇ ಚಾಪೆ ಹಾಸುತ್ತೀರಲ್ಲ, ದಯವಿಟ್ಟು ಬೇಡ. ತೆಂಗಿನಕಾಯಿಗೆ ಕಣ್ಣಿದೆ, ತಲೆ ನೋಡಿ ಬೀಳುತ್ತದೆ ಅನ್ನುವುದು ನಮ್ಮ ಹಿರಿಯರ ನಂಬಿಕೆ. ಒಣಗಿದ ಗರಿಗೆ ಕಣ್ಣಿದೆ ಅಂತ ಅವರೂ ಹೇಳಿಲ್ಲ.

ನಾನು ಕೇಳುವುದು ಬೆಳಗಿನ ಒಂದು ಗಂಟೆ. ನಮ್ಮನೆಯ ಕ್ರಮ ಹೀಗಿದೆ. ಎದ್ದ ತಕ್ಷಣ ಇಬ್ಬರನ್ನೂ ಕರೆದುಕೊಂಡು ಬದುವಿನ ಗುಂಟ ಒಂದು ಸುತ್ತು. ಮೂಸುವುದೆಲ್ಲ ಮೂಸಿ, ಕಾಲೆತ್ತುವುದೆಲ್ಲ ಎತ್ತಿ ಬರಲಿ. ಹಾಗೆ ಸುತ್ತಿ ಬಂದ ನಾಯಿ ಅರ್ಧ ಶಾಂತ, ಸುತ್ತಿ ಬಂದ ನನ್ನ ಮಂಡಿಯೂ ಅರ್ಧ ಸಡಿಲ. ಪಡಸಾಲೆಯಲ್ಲಿ ನನ್ನ ಚಾಪೆಯಿಂದ ನಾಲ್ಕು ಮಾರು ದೂರಕ್ಕೆ ಅವರದೊಂದು ಗೋಣಿಚೀಲ. ಮೊದಲ ವಾರ ಅದರ ಮೇಲೆ ಕೂತಾಗಲೆಲ್ಲ ಒಂದು ಚೂರು ರೊಟ್ಟಿ. ಚೀಲ ಬಿಟ್ಟು ನನ್ನ ಮೇಲೆ ಬಂದರೆ ಬೈಯಲಿಲ್ಲ, ತಳ್ಳಲಿಲ್ಲ. ಮುಖ ಆ ಕಡೆ ತಿರುಗಿಸಿ ಕಲ್ಲಿನ ಹಾಗೆ ಕೂತೆ. ನಾಯಿಗೆ ಇದಕ್ಕಿಂತ ಬೇಜಾರಿನ ಶಿಕ್ಷೆ ಇಲ್ಲ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ ಅನ್ನುವ ಗಾದೆ ಇದೆಯಲ್ಲ, ಮಾತಲ್ಲಿ ಹೇಳಿದರೆ ಹಾಗೇ ಆಗುವುದು. ಮೈಯಲ್ಲಿ ಹೇಳಿದರೆ ಕೇಳುತ್ತದೆ. ಯೋಗ ಮುಗಿದ ಮೇಲೆ ಮೊದಲು ಅವರಿಗೆ ಊಟ, ಆಮೇಲೆ ನನಗೆ ಕಾಫಿ. ಎರಡು ತಿಂಗಳಾಗುವ ಹೊತ್ತಿಗೆ ನಾನು ಚಾಪೆ ಬಿಚ್ಚುವ ಸದ್ದಿಗೇ ಅವರು ಗೋಣಿ ಸೇರಿಕೊಂಡರು.

ಚಾಪೆ ಅಂದೆ. ಮಗ ಕಳಿಸಿದ ರಬ್ಬರ್ ಚಾಪೆಯ ಒಂದು ಮೂಲೆ ಬೂನನ ಹೊಟ್ಟೆ ಸೇರಿತು. ಬದಲಿಗೆ ಜಮಖಾನ ಹಾಸಿದರೆ ಕೆಂಪು ನೆಲದ ಮೇಲೆ ಅದು ಜಾರುತ್ತದೆ, ಶ್ವಾನಾಸನದಲ್ಲಿ ಮುಖ ಮುಂದಾಗಿ ಬಿದ್ದೀರಿ. ಅಂಗೈ, ಅಂಗಾಲು ಬರಿ ನೆಲದ ಮೇಲಿಟ್ಟು ಮಾಡಿ. ಇನ್ನು ಶೀರ್ಷಾಸನ, ಸರ್ವಾಂಗಾಸನ ಮಾಡುವ ಗಟ್ಟಿಗರು ನಿಮ್ಮಲ್ಲಿದ್ದೀರಿ. ಆ ಎರಡನ್ನು ಮಾತ್ರ ನಾಯಿ ಕೋಣೆಯಲ್ಲಿರುವಾಗ ಮಾಡಬೇಡಿ. ಕತ್ತಿನ ಮೇಲೆ ಭಾರವಿರುವಾಗ ಬೂನನಂಥವನು ಒರಗಿದರೆ ಆಗುವ ಅನಾಹುತಕ್ಕೆ ನಾನು ಹೊಣೆಯಲ್ಲ. ಆಗ ಐದು ನಿಮಿಷ ಬಾಗಿಲು ಹಾಕಿಕೊಳ್ಳಿ, ಬಾಗಿಲು ಬೇರೆ, ಸರಪಳಿ ಬೇರೆ.

ಕಾಯಿಲೆಯ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನೆಲದಲ್ಲಿ ಮುಖವಿಟ್ಟು ಉಸಿರಾಡುವ ಜಾಗಕ್ಕೆ ನಾಯಿ ಬರುತ್ತದೆ ಅಂದರೆ ಅದರ ಮೈ ನಮ್ಮ ಮೈಯಷ್ಟೇ ಶುದ್ಧವಾಗಿರಬೇಕು. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ, ಮಳೆಗಾಲದಲ್ಲಿ ದಿನಾ ಕಿವಿಯ ಹಿಂದೆ, ಬೆರಳ ಸಂದಿನಲ್ಲಿ ಉಣ್ಣೆ ಹುಡುಕುವುದು. ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳು ತುಂಬಿದಾಗ ಒಂದು, ಆಮೇಲೆ ಪಶು ವೈದ್ಯರು ಹೇಳಿದ ಹಾಗೆ ವರ್ಷ ವರ್ಷ. "ನಮ್ಮನೆ ನಾಯಿ ಕಣಮ್ಮ, ಏನೂ ಆಗಲ್ಲ" ಅನ್ನುವ ಮಾತಿದೆಯಲ್ಲ, ಅದು ನಾಯಿಗಿಂತ ಅಪಾಯ. ಲಸಿಕೆಯಿಲ್ಲದ ಮನೆನಾಯಿಯ ಹಲ್ಲು ತಾಗಿದರೂ ಅದು ಕಡಿತವೇ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತದೆ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. 2022ರಿಂದ ನಮ್ಮ ರಾಜ್ಯದಲ್ಲಿ ರೇಬೀಸ್ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಗಿದೆ. ನಮ್ಮ ಸೀಮೆಗೇ ಸೇರಿದ ಇನ್ನೊಂದು ಎಚ್ಚರಿಕೆ: ಬೂಷ್ಟು ಹಿಡಿದ ಕೊಬ್ಬರಿಯನ್ನು "ನಾಯಿಗೆ ಹಾಕು" ಅಂತ ಎಸೆಯುತ್ತೇವೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ನಾಯಿಯ ಯಕೃತ್ತನ್ನೇ ಅದು ಕೆಡಿಸುತ್ತದೆ. ನಾವು ತಿನ್ನದ ಕೊಬ್ಬರಿ ಅದಕ್ಕೂ ಬೇಡ.

ಮಡಿಯ ವಿಷಯಕ್ಕೆ ಹೆಚ್ಚು ಮಾತಿಲ್ಲ. ನಮ್ಮತ್ತೆ ಇರುವವರೆಗೂ ನಾಯಿ ಹೊಸಿಲು ದಾಟಿರಲಿಲ್ಲ, ಅವರ ಮನಸ್ಸು ನೋಯಿಸಬಾರದು ಅಂತ ನಾನೂ ಜಗಲಿಯಲ್ಲೇ ಮಾಡುತ್ತಿದ್ದೆ. ನಿಮ್ಮನೆಯಲ್ಲೂ ಹಾಗಿದ್ದರೆ ನೀವೇ ಜಗಲಿಗೆ ಬನ್ನಿ. ಆದರೆ ದತ್ತಾತ್ರೇಯನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳಿಗೆ ದಿನಾ ಹೂವಿಡುವವರು, ಮೈಲಾರಲಿಂಗನ ಗೊರವಯ್ಯ ದೋಣಿಗೆ ಬಾಯಿಟ್ಟು ಉಣ್ಣುವಾಗ ಕೈ ಮುಗಿಯುವವರು, ಬಾಗಿಲಲ್ಲಿ ಬಂದ ನಾಯಿಗೆ ಮಾತ್ರ ಮೈಲಿಗೆ ಅಂದರೆ ನನಗೆ ನಗು ಬರುತ್ತದೆ.

ಬೆಂಗಳೂರಿನಲ್ಲಿ ನಾಯಿಮರಿ ಯೋಗ ಅಂತ ನಡೆಯುತ್ತಿದೆ. ದುಡ್ಡು ಕೊಟ್ಟರೆ ಒಂದು ಗಂಟೆ ಮರಿಗಳ ನಡುವೆ ಚಾಪೆ. ಸೊಸೆ ವಿಡಿಯೊ ಕಳಿಸಿ, "ಅತ್ತೆ, ನೀವೂ ಇದೇ ಮಾಡೋದಲ್ವಾ?" ಅಂದಳು. ಅಲ್ಲ ಕಣಮ್ಮ. ಅಲ್ಲಿ ಮರಿಗೆ ನಿದ್ದೆ ಬಂದರೆ ಹೋಗಿ ಮಲಗಲು ತನ್ನದು ಅನ್ನುವ ಗೋಣಿ ಇರುವುದಿಲ್ಲ, ಮುಂದಿನ ತಂಡ ಬಾಗಿಲಲ್ಲಿ ಕಾಯುತ್ತಿರುತ್ತದೆ. ಇಟಲಿಯ ಆರೋಗ್ಯ ಸಚಿವಾಲಯ 2024ರಲ್ಲಿ ಇಂಥ ತರಗತಿಗಳಿಗೆ ಮರಿಗಳನ್ನು ತರಕೂಡದು ಅಂತ ಹೇಳಿತು. ಕೂಲಿ ಕೆಲಸಕ್ಕೂ ಮನೆ ಕೆಲಸಕ್ಕೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಿಕೊಡಬೇಕೆ?

ಬೆಂಗಳೂರು ಅಂದಾಗ ಇನ್ನೊಂದು ನಾಯಿ ನೆನಪಾಗುತ್ತದೆ. ಶಾಲೆಯ ಮಕ್ಕಳನ್ನು ಒಮ್ಮೆ ಅಲ್ಲಿಯ ಸರ್ಕಾರಿ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಆತಕೂರಿನ ಕಲ್ಲು ಇದೆ, ಕ್ರಿ.ಶ. 949ರ ಕಾಲದ್ದು, ಮದ್ದೂರು ಕಡೆಯದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ, ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯೊಂದಿಗೆ ಸೆಣಸಿ, ಎರಡೂ ಸತ್ತವು. ನಾಯಿಗೆ ಕಲ್ಲು ನೆಡಿಸಿದರು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ ಉಂಡರೆ ಪಾಪ ಅಂತ ಕೊರೆಸಿದರು. ಹಂದಿಯ ಮೇಲೆ ನಾಯಿ ಎರಗುವುದು ಕಲ್ಲಿನಲ್ಲೇ ಕಾಣುತ್ತದೆ. ಅದರ ಮೈಮೇಲೆ ಸರಪಳಿ ಇಲ್ಲ. ಅವತ್ತು ಮಕ್ಕಳಿಗೆ ಯುದ್ಧ, ಇಸವಿ, ರಾಜರ ಹೆಸರು ಬರೆಸಿದೆ. ನಾಯಿಯ ವಿಷಯ ಪರೀಕ್ಷೆಗೆ ಬರಲ್ಲ ಅಂತ ಮುಂದೆ ಹೋದೆ.

ನಾಳೆ ಬೆಳಿಗ್ಗೆಯೇ ಬಿಚ್ಚುತ್ತೀರಾದರೆ ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಓಡಿಹೋಗುತ್ತದೆ ಅಂತ ನೀವು ಹೆದರಿರುತ್ತೀರಿ, ಓಡುವುದಿಲ್ಲ. ಕಟ್ಟುವ ಹೊತ್ತಿನಲ್ಲೇ ಕೆಂಚನ ಕೊರಳಪಟ್ಟಿ ಬಿಚ್ಚಿದ ದಿನ ಅವನು ನಾಲ್ಕು ಹೆಜ್ಜೆ ಬಂದು, ಮರದ ಸುತ್ತಲಿನ ಆ ಹುಲ್ಲಿಲ್ಲದ ವೃತ್ತದ ಅಂಚಿನಲ್ಲಿ ನಿಂತುಬಿಟ್ಟ. ಸರಪಳಿ ಎಳೆಯುತ್ತಿದ್ದ ಜಾಗ ಅದು. ಕರೆದೆ, ಬರಲಿಲ್ಲ. ರೊಟ್ಟಿ ತೋರಿಸಿದೆ, ಕತ್ತು ಚಾಚಿದ, ಕಾಲು ಎತ್ತಲಿಲ್ಲ. ಎಳೆಯಬೇಡಿ, ಅಳಬೇಡಿ, ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಬಾಗಿಲು ತೆರೆದಿಟ್ಟು ಒಳಗೆ ಹೋಗಿ ನಿಮ್ಮ ಪಾಡಿಗೆ ಶುರು ಮಾಡಿ. ಕೆಂಚ ಹೊಸಿಲಿಗೆ ಬರಲು ನಾಲ್ಕು ದಿನ ತೆಗೆದುಕೊಂಡ. ಐದನೆಯ ದಿನ ನಾನು ಕೈ ಮುಂದೆ ಚಾಚಿ, ಸೊಂಟ ಎತ್ತಿ, ಕಾಲುಗಳ ನಡುವಿನಿಂದ ಹಿಂದಕ್ಕೆ ನೋಡಿದರೆ ಬಾಗಿಲಲ್ಲಿ ತಲೆಕೆಳಗಾಗಿ ಒಂದು ನಾಯಿ, ಬಾಲ ಆಡಿಸುತ್ತಿತ್ತು.

ಇಂತಿ ನಿಮ್ಮ,
ಹುಳಿಯಾರು ರಸ್ತೆಯ ತೋಟದ ಮನೆ ಟೀಚರ್